ಮದ್ದು ಕೊಡದೆ ಬೈದು ಕಳಿಸುತ್ತಿದ್ದ ಕಾಕು

ಕಾಕುವಿನ ಬಲಗೈಯ ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ಸದಾ ಕಪ್ಪಗಿರುತ್ತಿದ್ದವು. ಅಳಲೆಕಾಯಿ ಕುಟ್ಟಿ, ಸೋಸಿ, ಪುಡಿಕೆ ಕಟ್ಟಿ ಹತ್ತಿದ ಕಪ್ಪು. ಸಾಬೂನಿಗೂ ಹೋಗುತ್ತಿರಲಿಲ್ಲ, ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಸಿಟ್ಟು ಬಂದಾಗ ಆ ಮೂರು ಬೆರಳು ಒಟ್ಟಾಗಿ ಎದುರಿನವರ ಮುಖದ ಹತ್ತಿರ ಬರುತ್ತಿದ್ದವು. ಕಾಕುವಿಗೆ ಸಿಟ್ಟು ಬಾರದ ದಿನವನ್ನು ನಾನು ನೋಡಲಿಲ್ಲ.

ಇಂಡಿಯಿಂದ ಚಡಚಣಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವಲ್ಲಿ ಅವರ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಗಂಡ ತೀರಿಕೊಂಡ ಮೇಲೆ ಬಜೆ, ಹಿಪ್ಪಲಿ, ಜ್ಯೇಷ್ಠಮಧು, ನೆಗ್ಗಿಲಮುಳ್ಳು ಮಾರುವ ಆ ಅಂಗಡಿಯನ್ನು ಒಬ್ಬರೇ ನಡೆಸಿದರು. ಸಣ್ಣವರು ದೊಡ್ಡವರು ಎಲ್ಲರೂ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಸಿಂದಗಿಯಿಂದ, ಮುದ್ದೇಬಿಹಾಳದಿಂದ, ಬಸವನ ಬಾಗೇವಾಡಿಯಿಂದ ಜನ ಬಸ್ಸು ಹಿಡಿದು ಬರುತ್ತಿದ್ದರು. ಬಂದವರಲ್ಲಿ ಅರ್ಧ ಮಂದಿ ಬೈಸಿಕೊಂಡು ಬರಿಗೈಲಿ ವಾಪಸು ಹೋಗುತ್ತಿದ್ದರು.

ಮದ್ದು ಕೇಳಿದ ಕೂಡಲೇ ಕಾಕು ಕೊಡುತ್ತಿರಲಿಲ್ಲ. ಮೊದಲು ಪ್ರಶ್ನೆ. "ನಿದ್ದಿ ಹತ್ತತೈತಿ? ನಿನ್ನೆ ಏನ ಉಂಡಿ? ಕುಂತ ಉಂಡ್ಯೊ, ನಿಂತ ಉಂಡ್ಯೊ? ಹೊರಕಡಿಗಿ ಸರಳ ಆಗ್ತೈತಿ?" ತಲೆನೋವಿಗೆ ಎಣ್ಣೆ ಕೇಳಿದ ಮಾಸ್ತರರಿಗೆ, "ಎಣ್ಣಿ ಬ್ಯಾಡ್ರಿ, ಕಣ್ಣ ತೋರಸ್ರಿ, ನಿಮಗ ಚಸ್ಮಾ ಬಂದೈತಿ" ಎಂದು ಕಳಿಸಿದರು. ತಿಂಗಳಿಂದ ಕೆಮ್ಮುತ್ತಿದ್ದ ಒಬ್ಬನಿಗೆ ಜ್ಯೇಷ್ಠಮಧು ಕೊಡದೆ, ಕಫದ ಪರೀಕ್ಷೆ ಮಾಡಿಸಿ ಚೀಟಿ ತಂದು ತೋರಿಸು ಎಂದು ಗದರಿಸಿದರು. ಮಗಳ ಮೈ ಬೆಳ್ಳಗಾಗಲು ಪುಡಿ ಕೇಳಿದ ತಾಯಿಯನ್ನಂತೂ ಮೆಟ್ಟಿಲು ಇಳಿಯುವವರೆಗೂ ಬೈದರು.

ಕೊಡುವುದನ್ನು ಧಾರಾಳವಾಗಿಯೇ ಕೊಡುತ್ತಿದ್ದರು. ಹೊಟ್ಟೆ ಉಬ್ಬರಕ್ಕೆ ಅಜವಾನ, ಗಂಟಲಿಗೆ ಶುಂಠಿ, ನಿಂತು ನಿಂತು ಬಾತ ಕಾಲಿಗೆ ಉಪ್ಪು ಹಾಕಿದ ಬೆಚ್ಚನೆಯ ನೀರು. ಬಿಸಿಲಿಗೆ ಹೋಗುವವರಿಗೆ ಜೀರಿಗೆ ಹಾಕಿದ ಮಜ್ಜಿಗೆ. ಮನೆಯಲ್ಲೇ ಆಗುವುದು ಎಷ್ಟು, ದವಾಖಾನೆಗೆ ಹೋಗಬೇಕಾದದ್ದು ಯಾವುದು ಎಂಬ ಗೆರೆ ಅವರಿಗೆ ಸ್ಪಷ್ಟವಿತ್ತು. ಆ ಗೆರೆ ದಾಟಿ ಅವರು ಒಂದು ಪುಡಿಕೆಯನ್ನೂ ಮಾರಲಿಲ್ಲ.

ನಾನು ಅವರ ಅಂಗಡಿಯ ಮೆಟ್ಟಿಲು ಹತ್ತಿದಾಗ ನನಗೆ ಇಪ್ಪತ್ತೆರಡು ವರ್ಷ. ಅಂಗಡಿಯಿಂದ ಐದು ನಿಮಿಷ ನಡೆದರೆ ಒಣದ್ರಾಕ್ಷಿ ಆರಿಸುವ ತಗಡಿನ ಶೆಡ್ಡು. ನಾನು ಅಲ್ಲಿ ಕೆಲಸಕ್ಕಿದ್ದೆ. ದ್ರಾಕ್ಷಿಯ ಹಂಗಾಮಿನಲ್ಲಿ ನಾವು ಮೂವತ್ತು ಹೆಣ್ಣುಮಕ್ಕಳು ಬೆಳಿಗ್ಗೆ ಎಂಟಕ್ಕೆ ಕೂತರೆ ಸಂಜೆ ಆರರವರೆಗೆ ತೊಟ್ಟು ಬಿಡಿಸುವುದು, ಕಪ್ಪು ಕಾಯಿ ತೆಗೆಯುವುದು, ಡಬ್ಬಿ ತುಂಬುವುದು. ಡಬ್ಬಿಯ ಮೇಲೆ ಹಸಿರು ಅಕ್ಷರದಲ್ಲಿ 'ನಿಸರ್ಗದ ಶಕ್ತಿ, ನಿತ್ಯದ ಆರೋಗ್ಯ' ಎಂದು ಅಚ್ಚಾಗಿತ್ತು. ಅದನ್ನು ಈಗ ನೆನೆದರೂ ಮೈ ಉರಿಯುತ್ತದೆ. ಏಕೆಂದರೆ ಆ ಡಬ್ಬಿ ತುಂಬುತ್ತಿದ್ದ ಮೂವತ್ತು ಮಂದಿಯಲ್ಲಿ ಒಬ್ಬಳೂ ಹಗಲಿಡೀ ನೀರು ಕುಡಿಯುತ್ತಿರಲಿಲ್ಲ.

ನೀರಿಗೇನೂ ಬರವಿರಲಿಲ್ಲ, ಕ್ಯಾನು ತುಂಬಿರುತ್ತಿತ್ತು. ಕುಡಿದರೆ ಹೋಗುವುದೆಲ್ಲಿಗೆ? ಶೆಡ್ಡಿನ ಹಿಂದೆ ಸಿಮೆಂಟಿನ ಪಾಯಖಾನೆ ಇತ್ತು, ಅದಕ್ಕೆ ಬೀಗವಿತ್ತು. ಪೈಪು ಒಡೆದಿದೆ, ರಿಪೇರಿ ಆಗಬೇಕು ಎಂದು ಮಾಲೀಕ ಎರಡು ಹಂಗಾಮಿನಿಂದ ಹೇಳುತ್ತಿದ್ದ. ಗಂಡಸರಿಗೆ ಕಾಂಪೌಂಡಿನ ಗೋಡೆ ಸಾಕಾಗಿತ್ತು. ನಮ್ಮ ಸುತ್ತ ಬಯಲು ಹೊಲ, ಒಂದು ಮುಳ್ಳುಕಂಟಿಯ ಮರೆ ಕೂಡ ಇಲ್ಲ. ಹೀಗಾಗಿ ಮನೆಯಲ್ಲಿ ಏಳಕ್ಕೆ ಒಂದು ಲೋಟ ಚಹಾ ಕುಡಿದು ಬಂದರೆ ಮುಂದಿನ ಗುಟುಕು ಸಂಜೆಗೇ.

ನನಗೆ ಉರಿಮೂತ್ರ ಶುರುವಾಯಿತು. ಹದಿನೈದು ದಿನ ಯಾರಿಗೂ ಹೇಳಲಿಲ್ಲ. ಕೊನೆಗೆ ಜೊತೆಯವಳೊಬ್ಬಳು ನೆಗ್ಗಿಲಮುಳ್ಳಿನ ಕಷಾಯ ಕುಡಿ ಎಂದಳೆಂದು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಾಕುವಿನ ಅಂಗಡಿಗೆ ಹೋದೆ.

"ಯಾರಿಗಿ?" ಎಂದರು.

"ನನಗ್ರಿ, ಕಾಕು. ಉರಿ ಐತ್ರಿ."

"ದಿನಕ್ಕ ಎಷ್ಟ ನೀರ ಕುಡೀತಿ?"

ಒಂದು ತಂಬಿಗೆ ಇರಬಹುದು ಎಂದೆ.

"ಒಂದ ತಂಬಿಗಿ! ಈ ಬ್ಯಾಸಗ್ಯಾಗ! ನೀ ಏನ ಮರಳಗಾಡಿನ ಒಂಟಿ ಏನ? ಕುಡೀಲಿಕ್ಕೆ ಏನ ಧಾಡಿ ನಿನಗ?"

"ಕುಡದ್ರ ಎಲ್ಲಿ ಹೋಗ್ಲಿರಿ?"

ಕಾಕು ತಕ್ಕಡಿಯನ್ನು ಕೆಳಗಿಟ್ಟರು. ಬೀಗದ ವಿಷಯ ಕೇಳಿ ತಿಳಿದುಕೊಂಡರು. ಆಮೇಲೆ ನನ್ನ ಹಣೆ ಮುಟ್ಟಿದರು, ಬೆನ್ನಿನ ಪಕ್ಕೆಯನ್ನು ಮೆಲ್ಲಗೆ ತಟ್ಟಿದರು. ನಾನು ಚೀರಿದೆ. "ಚಳಿ ಬರ್ತೈತಿ ಹೌದಿಲ್ಲೊ?" ಎಂದರು. ಹೌದ್ರಿ ಎಂದೆ. ನೆಗ್ಗಿಲಮುಳ್ಳಿನ ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. ಅಂಗಡಿಯ ಬಾಗಿಲು ಎಳೆದು, ಆಟೋ ನಿಲ್ಲಿಸಿ, ನನ್ನನ್ನು ದವಾಖಾನೆಗೆ ಕರೆದುಕೊಂಡು ಹೋದರು. ಸೋಂಕು ಕಿಡ್ನಿಗೆ ಏರಿದೆ, ಇನ್ನೆರಡು ದಿನ ತಡ ಮಾಡಿದ್ದರೆ ಕಷ್ಟವಿತ್ತು ಎಂದು ಡಾಕ್ಟರಮ್ಮ ಹೇಳಿದರು. ಮೂರು ದಿನ ಸಲಾಯಿನ್ ಏರಿಸಿದರು. ಆ ಮೂರೂ ದಿನ ಕಾಕು ಜೋಳದ ಗಂಜಿ ತಂದುಕೊಟ್ಟರು. ಸುಮ್ಮನೆ ಕೊಡುತ್ತಿರಲಿಲ್ಲ, ಬೈಯುತ್ತ ಕೊಡುತ್ತಿದ್ದರು. ಬೈಗುಳ ನನಗಲ್ಲ.

ನಾಲ್ಕನೆಯ ದಿನ ನಾನು ಕೆಲಸಕ್ಕೆ ಹೋದೆ. ಹತ್ತು ಗಂಟೆಯ ಹೊತ್ತಿಗೆ ಕಾಕು ಶೆಡ್ಡಿಗೆ ಬಂದರು. ಕೈಯಲ್ಲಿ ಅಳಲೆಕಾಯಿ ಕುಟ್ಟುವ ಕಬ್ಬಿಣದ ಹಾರೆ.

"ಆ ಕೀಲಿ ತಗಿ, ತಮ್ಮಾ," ಎಂದರು ಮಾಲೀಕನಿಗೆ.

"ಕಾಕು, ಅದರ ಪೈಪ ಒಡದೈತ್ರಿ. ನಿಮಗ್ಯಾಕ ಬೇಕ್ರಿ ನಮ್ಮ ಶೆಡ್ಡಿನ ಉಸಾಬರಿ?"

"ನೀ ಮುಂಜಾನಿಂದ ಎಷ್ಟ ಸಲ ಹೋಗಿ ಬಂದಿ?"

ತೂಕದ ಕಡೆ ನಿಂತಿದ್ದ ಗಂಡಸರು ನಕ್ಕರು. ಮಾಲೀಕನೂ ನಗಲು ನೋಡಿದ. ಕಾಕು ನಗಲಿಲ್ಲ. ಸೀದಾ ಹಿಂದಕ್ಕೆ ನಡೆದು, ಹಾರೆಯಿಂದ ಎರಡು ಏಟಿಗೆ ಬೀಗ ಒಡೆದರು. ಒಳಗೆ ಪೈಪು ಸರಿಯಾಗಿಯೇ ಇತ್ತು. ನಲ್ಲಿ ತಿರುಗಿಸಿದರೆ ನೀರು ಬಂತು. ಗೋಡೆಯಿಂದ ಗೋಡೆಗೆ ಖಾಲಿ ಡಬ್ಬಿಗಳನ್ನು ಒಟ್ಟಿದ್ದರು. ಎಲ್ಲದರ ಮೇಲೂ ನಿಸರ್ಗದ ಶಕ್ತಿ.

ಆಗ ಮಾಲೀಕನ ಬಾಯಿಂದ ನಿಜ ಬಂತು. "ಘಳಿಗಿಗೊಮ್ಮೆ ಎದ್ದ ಹೋದ್ರ ಕೆಲಸ ಯಾರ ಮಾಡಬೇಕ್ರಿ? ಒಬ್ಬಾಕಿ ಎದ್ರ ನಾಕ ಮಂದಿ ಏಳ್ತಾರ."

ಪೈಪು ಒಡೆದಿದೆ ಎಂದು ಎರಡು ಹಂಗಾಮು ನಂಬಿದ ನಮ್ಮ ಮೂವತ್ತು ಮಂದಿಯ ಎದುರಿಗೇ ಅವನು ಈ ಮಾತು ಆಡಿದ. ನಾವು ಮತ್ತೆ ತಟ್ಟೆಗಳ ಮುಂದೆ ಕೂತು ತೊಟ್ಟು ಬಿಡಿಸಿದೆವು.

ಮುಂದೆ ನಡೆದದ್ದನ್ನು ಬರೆಯಲು ಇಷ್ಟು ವರ್ಷ ನನ್ನ ಕೈ ಬಂದಿರಲಿಲ್ಲ. ಮಾಲೀಕ ಕಾಕುವಿನ ಮೇಲೆ ದೂರು ಕೊಟ್ಟ. ವಿಚಾರಣೆಗೆ ಬರುತ್ತಾರೆಂದು ತಿಳಿದ ಕೂಡಲೇ ನನ್ನನ್ನು ಕರೆದ. ಅಲ್ಲಿದ್ದವರಲ್ಲಿ ಪಿಯುಸಿ ಮುಗಿಸಿದವಳು ನಾನೊಬ್ಬಳೇ. "ನಿನ್ನ ಅಕ್ಷರ ಚಲೋ ಅದಾವು, ಬರಿ," ಎಂದ. ಅವನು ಹೇಳಿದ, ನಾನು ಬರೆದೆ. ನಮ್ಮ ಶೆಡ್ಡಿನ ಶೌಚಾಲಯ ಯಾವಾಗಲೂ ತೆರೆದೇ ಇರುತ್ತದೆ, ನಮಗೆ ಯಾವ ತೊಂದರೆಯೂ ಇಲ್ಲ, ಅಂಗಡಿಯ ಹೆಂಗಸು ವಿನಾಕಾರಣ ನುಗ್ಗಿ ಬೀಗ ಒಡೆದಿದ್ದಾರೆ. ಅವನು ಬಗ್ಗಿ ನೋಡಿದ. "ಒಡೆದಿದ್ದಾರೆ ಅಲ್ಲ, ಒಡೆದಿದ್ದಾಳೆ ಅಂತ ಬರಿ," ಎಂದ. ನಾನು ಹೊಡೆದು ಹಾಕಿ, ಒಡೆದಿದ್ದಾಳೆ ಎಂದು ಬರೆದೆ. ಕೆಳಗೆ ಎಲ್ಲರೂ ಸಹಿ ಮಾಡಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ನನ್ನ ಕೈಯ ಮೇಲೆ ಸಲಾಯಿನ್ ಸೂಜಿ ಚುಚ್ಚಿದ ಕಲೆ ಇನ್ನೂ ನೀಲಿ ಇತ್ತು.

ಯಾವಾಗಲೂ ತೆರೆದಿರುವುದಕ್ಕೆ ಬೀಗ ಎಲ್ಲಿಯದು ಎಂದು ಕೂಡ ಆ ಕಾಗದ ಓದಿದ ಪೊಲೀಸರು ಕೇಳಲಿಲ್ಲ. ಕಾಕು ಠಾಣೆಯಲ್ಲಿ ಅರ್ಧ ದಿನ ಬೆಂಚಿನ ಮೇಲೆ ಕೂತು, ಇನ್ನು ಮೇಲೆ ಶೆಡ್ಡಿನೊಳಗೆ ಕಾಲಿಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟು ಬಂದರು. ಪಾಯಖಾನೆಗೆ ಹೊಸ ಬೀಗ ಬಿತ್ತು.

ಮಾರನೆಯ ದಿನ ಹನ್ನೊಂದು ಗಂಟೆಗೆ ಗೇಟಿನ ಹೊರಗೆ ರಸ್ತೆಯ ಮೇಲಿಂದ ದನಿ ಬಂತು.

"ಏ ಹೆಣ್ಮಕ್ಕಳ್ರ್ಯಾ! ಬರ್ರಿ, ನೀರ ಕುಡೀರಿ! ನಮ್ಮ ಮನ್ಯಾಗ ಪಾಯಖಾನಿ ಐತಿ, ಹೋಗಿ ಬರ್ರಿ!"

ಒಳಗೆ ಕಾಲಿಡುವುದಿಲ್ಲ ಎಂದಷ್ಟೇ ಬರೆದುಕೊಟ್ಟಿದ್ದರು. ರಸ್ತೆಯಲ್ಲಿ ನಿಂತು ಕರೆಯುವುದಿಲ್ಲ ಎಂದು ಬರೆದುಕೊಟ್ಟಿರಲಿಲ್ಲ. ಮೊದಲ ದಿನ ಯಾರೂ ಏಳಲಿಲ್ಲ. ನಾಚಿಕೆಯಿಂದ ನಮ್ಮ ತಲೆ ದ್ರಾಕ್ಷಿಯ ತಟ್ಟೆಯೊಳಗೇ ಇತ್ತು. ರಸ್ತೆಯಲ್ಲಿ ಹೋಗುವ ಟಂಟಂ ಆಟೋಗಳು ನಿಧಾನ ಮಾಡಿ ನೋಡಿ ಹೋದವು. ಮೂರು ಗಂಟೆಗೆ ಮತ್ತೆ ಬಂದು ಕರೆದರು. ಎರಡನೆಯ ದಿನ ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ ಒಬ್ಬಾಕೆ ಸೆರಗು ಕೊಡವಿ ಎದ್ದು ನಡೆದಳು. ಮೂರನೆಯ ದಿನ ಎಂಟು ಮಂದಿ. ಹೋದವರು ನಾಳೆಯಿಂದ ಬರಬೇಡಿ ಎಂದು ಮಾಲೀಕ ಕೂಗಾಡಿದ. ಆದರೆ ಹಂಗಾಮು ಜೋರಿತ್ತು, ಅವನಿಗೆ ಬೇರೆ ಕೈ ಸಿಗುತ್ತಿರಲಿಲ್ಲ.

ನಾನು ಏಳಲಿಲ್ಲ. ಯಾವ ಮುಖ ಹೊತ್ತು ಏಳಲಿ? ಐದನೆಯ ದಿನ ಗೇಟಿನಿಂದ ಕೇಳಿಸಿತು.

"ಆ ಕಾಗದಾ ಬರದಾಕಿ ಎಲ್ಲದಾಳ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಟ್ಟೆಯ ಮೇಲೆ ಇನ್ನಷ್ಟು ಬಗ್ಗಿದೆ.

"ಆಕಿಗಿ ಇನ್ನಾ ಗುಳಿಗಿ ನಡದಾವು. ಆಕಿ ನೀರ ಕುಡೀಬೇಕು. ಮೊದಲ ಆಕಿನ್ನ ಕಳಸ್ರಿ!"

ನಾನು ಅಳುತ್ತಲೇ ಹೋದೆ. ಅವರ ಅಡುಗೆಮನೆಯಲ್ಲಿ ಮಣ್ಣಿನ ಹರವಿಯಿಂದ ತಂಬಿಗೆ ತುಂಬಿ ಕೊಟ್ಟರು. "ಕಾಕು, ನಾ ಬರದದ್ದು..." ಎಂದೆ. "ಮೊದಲ ಹೋಗಿ ಬಾ. ಮಾತ ಆಮ್ಯಾಲ," ಎಂದರು. ಬಂದ ಮೇಲೆ ಕಾಲು ಹಿಡಿಯಲು ಬಗ್ಗಿದೆ. ರಟ್ಟೆ ಹಿಡಿದು ಎತ್ತಿದರು.

"ಬರದದ್ದು ತಪ್ಪ ಐತಿ. ಅಲ್ಲ ಅನ್ನಂಗಿಲ್ಲ ನಾ. ನನ್ನ ಮನಸಿಗಿ ಭಾಳ ಹತ್ತೈತಿ ಅದು. ಆದ್ರ ನೀ ಇಲ್ಲಿ ಕುಂತ ಅತ್ರ ಆಂವ ಅಲ್ಲಿ ಆರಾಮ ಇರ್ತಾನ. ಸಿಟ್ಟ ಬಂದ್ರ ಸರಿ ಜಾಗಾದಾಗ ಇಡು, ಯವ್ವಾ. ನಿನ್ನ ಮ್ಯಾಲೇ ಇಟಗೊಂಡ ಕುಂದರಬ್ಯಾಡ."

ಹದಿನೇಳು ದಿನ, ದಿನಕ್ಕೆ ಎರಡು ಸಲ ಹೀಗೆ ಕೂಗಿದರು. ಹದಿನೆಂಟನೆಯ ದಿನ ಮಾಲು ಖರೀದಿಗೆ ದೂರದ ವ್ಯಾಪಾರಿಯೊಬ್ಬರ ಕಾರು ಬಂದು ನಿಂತಿತ್ತು. ಕಾಕು ಅವರನ್ನೇ ತಡೆದು ಹೇಳಿದರು: "ಸಾಹೇಬ್ರ, ಇದನ್ನ ಆರಸೋ ಹೆಣ್ಮಕ್ಕಳು ಉಚ್ಚಿ ತಡಕೊಂಡ ಕುಂತಿರ್ತಾರ. ಡಬ್ಬಿ ಮ್ಯಾಲೆ ಅದನ್ನೂ ಅಚ್ಚ ಹಾಕಸ್ರಿ." ವ್ಯಾಪಾರಿ ಮಾಲೀಕನ ಮುಖ ನೋಡಿದರು. ಮರುದಿನ ಬೆಳಿಗ್ಗೆ ಬೀಗವಿರಲಿಲ್ಲ. ನ್ಯಾಯ, ಅನುಕಂಪ ಯಾವುದಕ್ಕೂ ಅದು ತೆರೆದದ್ದಲ್ಲ. ಮಾಲು ಹೋಗದೆ ಉಳಿದೀತು ಎಂಬ ಹೆದರಿಕೆಗೆ ತೆರೆಯಿತು.

ನಾನೀಗ ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ. ಮೊಬೈಲು ತೆರೆದರೆ ಆರೋಗ್ಯದ ಉಪದೇಶ ಸುರಿಯುತ್ತದೆ. ದಿನಕ್ಕೆ ಮೂರು ಲೀಟರ್ ನೀರು, ಹೊತ್ತಿಗೆ ಸರಿಯಾಗಿ ಊಟ, ಎಂಟು ತಾಸು ನಿದ್ದೆ. ಎಲ್ಲ ನಿಜ. ಆದರೆ ಯಾರಿಗೆ ಹೇಳುತ್ತಿದ್ದೀರಿ? ಹೊಲದಲ್ಲಿ ಬಗ್ಗಿದವಳಿಗೆ ಆ ನೀರು ಎಲ್ಲಿಗೆ ಹೋಗಬೇಕು ಎಂದು ಕೇಳಿದ್ದೀರಾ? ಕಾಕುವನ್ನು ಬಿಟ್ಟರೆ ಕೇಳಿದವರು ನನಗೆ ಸಿಕ್ಕಿಲ್ಲ.

ಕಳೆದ ಚಳಿಗಾಲ ಕಾಕು ಅಂಗಡಿಯಲ್ಲೇ ಕುಸಿದರು. ವಿಜಯಪುರದ ದವಾಖಾನೆಯಲ್ಲಿ ಎರಡು ದಿನವಿದ್ದು ತೀರಿಕೊಂಡರು. ವಾರದ ಮೇಲೆ ಊರವರು ಸೇರಿ ಶ್ರದ್ಧಾಂಜಲಿ ಸಭೆ ಇಟ್ಟರು. ಒಬ್ಬರಾದ ಮೇಲೊಬ್ಬರು ಮಾತಾಡಿದರು. ಯಾವ ರೋಗಕ್ಕೂ ಕಾಕುವಿನ ಹತ್ತಿರ ಕಷಾಯವಿತ್ತು, ಡಾಕ್ಟರರ ಕೈಲಾಗದ್ದನ್ನು ಬೇರು ನಾರಿನಿಂದ ಗುಣ ಮಾಡಿದ ತಾಯಿ, ಶಾಂತಮೂರ್ತಿ ಎಂದರು. ಶಾಂತಮೂರ್ತಿಯಂತೆ! ಹೆಂಗಸರ ಕಡೆ ಕೂತಿದ್ದ ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಮೈಕು ಕೇಳಿದೆ.

"ಕಾಕು ನನಗ ಕಷಾಯ ಕೊಡಲಿಲ್ರಿ. ದವಾಖಾನಿಗಿ ಒಯ್ದು ಜೀವಾ ಉಳಿಸಿದ್ರು. ನನ್ನ ಸಲುವಾಗಿ ಕೀಲಿ ಒಡದ್ರು. ನಾ ಅವರ ಮ್ಯಾಲೆ ಸುಳ್ಳ ಕಾಗದಾ ಬರಕೊಟ್ಟೆ."

ಅಧ್ಯಕ್ಷರು ಸಮಯ ಕಡಿಮೆ ಇದೆ ಎಂದು ಕೈ ಮುಂದೆ ಮಾಡಿದರು. "ಆಕಿ ಮಾತ ಮುಗೀಲ್ರಿ," ಎಂದು ಹೆಂಗಸರ ಕಡೆಯಿಂದ ಯಾರೋ ಕೂಗಿದರು. ನಾನು ಮೈಕು ಬಿಡಲಿಲ್ಲ. ಕಾಗದದಲ್ಲಿ ಏನು ಬರೆದೆ, ಯಾವ ಶಬ್ದ ಹೊಡೆದು ಯಾವ ಶಬ್ದ ಹಾಕಿದೆ, ಯಾರು ಹಾಕಿಸಿದರು, ಎಲ್ಲ ಹೇಳಿದೆ.

ಹಾಕಿಸಿದವನು ಮುಂದಿನ ಸಾಲಿನಲ್ಲೇ ಕುರ್ಚಿಯ ಮೇಲೆ ಕೂತಿದ್ದ. ತಲೆ ಎತ್ತಲಿಲ್ಲ, ಕೇಳಿಸಿಯೇ ಇಲ್ಲ ಎನ್ನುವಂತೆ ಮೊಬೈಲಿನಲ್ಲಿ ಬೆರಳಾಡಿಸುತ್ತಿದ್ದ. ನಾನು ಅವನ ಕಡೆ ತಿರುಗಿ ನಿಂತು ಮೊದಲಿನಿಂದ ಇನ್ನೊಮ್ಮೆ ಹೇಳಿದೆ, ಇನ್ನೂ ಗಟ್ಟಿಯಾಗಿ.