ಗಂಟೆಗೆ ಹೊಯ್ಯುವ ಕೂಸು

ನನಗೂ ನನ್ನ ವಾರಗಿತ್ತಿಗೂ ಒಂದೇ ವರ್ಷ ಗಂಡು ಮಕ್ಕಳಾದವು. ಅವಳು ಮೈದುನನ ಹೆಂಡತಿ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದಳು. ನಾನು ಶಿವಮೊಗ್ಗದ ಕೋಟೆ ಬೀದಿಯಲ್ಲಿ, ಅತ್ತೆ ಮಾವನ ಜೊತೆ. ಅತ್ತೆಗೆ ದಿನಾ ಬೇಯಿಸಿ ಹಾಕಿದವಳು ನಾನು, ಅವರ ಬಾಯಲ್ಲಿ ಇದ್ದವಳು ಅವಳು.

ಒಂದು ಸಲ ಅತ್ತೆ ಭದ್ರಾವತಿಗೆ ಹೋಗಿ ಬಂದರು. ಚಪ್ಪಲಿ ಬಿಡುವ ಮೊದಲೇ ಶುರುವಾಯಿತು.

"ಆ ಕೂಸು ನೋಡ್ಬೇಕು ಮಾರಾಯ್ತಿ! ಕಾರ್ಖಾನೆ ಕೂಗಿದ್ರೆ ಸಾಕು, ಉಚ್ಚೆ ಹೊಯ್ಯುತ್ತೆ. ಮತ್ತೆ ಕೂಗೋವರೆಗೂ ಬಟ್ಟೆ ಒಣ. ನಿನ್ನ ಮಗನೂ ಇದಾನೆ, ಸೋರೋ ಕೊಡಪಾನ!"

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಕಾಲು ಚಾಚಿ, ಪಾದದ ಮೇಲೆ ಕೂಸನ್ನು ಕೂರಿಸಿ "ಸ್ಸ್" ಅನ್ನುವುದು ಎಲ್ಲ ತಾಯಂದಿರೂ ಮಾಡುವುದೇ. ವಾರಗಿತ್ತಿ ಪಾಳಿ ಬದಲಾಗುವಾಗ ಕಾರ್ಖಾನೆಯ ಸೈರನ್ ಕೂಗಿದಾಗಲೇ ಕೂರಿಸುತ್ತಿದ್ದಳಂತೆ. ಆಮೇಲೆ "ಸ್ಸ್" ಅನ್ನುವುದೂ ಬೇಡವಾಯಿತಂತೆ. ಕೂಗು ಕಿವಿಗೆ ಬಿದ್ದರೆ ತಾನೇ ಬಿಡುತ್ತಿತ್ತು.

ಅಷ್ಟರಲ್ಲಿ ಮಾವನ ಅರವತ್ತರ ಶಾಂತಿಗೆ ದಿನ ಗೊತ್ತಾಯಿತು. ಫೋಟೋದವನನ್ನೂ ಕರೆಸುವುದೆಂದಾಯಿತು. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಫೋಟೋ ತೆಗೆಸಿದವರಲ್ಲ. ಅತ್ತೆ ಹೇಳಿಬಿಟ್ಟರು: "ಇರೋದು ಒಂದು ರೇಷ್ಮೆ ಸೀರೆ. ಒದ್ದೆ ಮಾಡದ ಮೊಮ್ಮಗನ್ನ ಮಾತ್ರ ತೊಡೆ ಮೇಲೆ ಕೂರಿಸ್ಕೊಳ್ತೀನಿ."

ಆ ತೊಡೆ ನನ್ನ ಮಗನಿಗೇ ಸಿಗಬೇಕು ಎಂದು ಹಟ ಹಿಡಿದೆ. ಕೋಟೆಯಲ್ಲಿ ಕಾರ್ಖಾನೆ ಎಲ್ಲಿಂದ ತರಲಿ? ಮಾವ ಮನೆಯಲ್ಲಿ ಮೂರು ಹೊತ್ತೂ ಪೂಜೆ ಮಾಡಿ ಗಂಟೆ ಹೊಡೆಯುತ್ತಿದ್ದರು. ಅದನ್ನೇ ಹಿಡಿದೆ. ಗಂಟೆ ಕೇಳಿದ ಕೂಡಲೇ ಕೂಸನ್ನೆತ್ತಿಕೊಂಡು ಹಿತ್ತಲಿಗೆ ಓಟ.

"ಮಂಗಳಾರತಿ ಹೊತ್ತಿಗೆ ಎಲ್ಲಿಗೆ ಓಡ್ತೀಯೇ?" ಎಂದು ಅತ್ತೆ ಕೂಗುತ್ತಿದ್ದರು.

"ಬಂದೆ ಅತ್ತೆ!" ಎನ್ನುತ್ತಿದ್ದೆ. ಗುಟ್ಟು ಬಿಟ್ಟುಕೊಡಲಿಲ್ಲ.

ನನ್ನ ಮಗನೇನು ದಡ್ಡನಲ್ಲ, ಕಲಿತ. ಹಾಸಿಗೆ ಒಣಗಿತು. ಅತ್ತೆಯೇ ಮುಟ್ಟಿ ಮುಟ್ಟಿ ನೋಡಿ, "ಹೂಂ, ಇವನ್ನೇ ಕೂರಿಸ್ಕೊಳ್ತೀನಿ" ಎಂದರು. ಆ ದಿನ ನಾನು ಎರಡು ತುತ್ತು ಹೆಚ್ಚೇ ಉಂಡೆ.

ಶಾಂತಿಯ ಹಿಂದಿನ ದಿನ ವಾರಗಿತ್ತಿ ಬಂದಳು. ಇಲ್ಲಿ ಕಾರ್ಖಾನೆಯ ಕೂಗಿಲ್ಲ, ಇವಳ ಆಟ ಈಗ ನೋಡೋಣ ಎಂದುಕೊಂಡೆ. ಅವಳು ಹಿತ್ತಲಲ್ಲಿ ಕಾಲು ಚಾಚಿ ಕೂತು, ಬಾಯಿ ದುಂಡಗೆ ಮಾಡಿ, "ಊ...ಊ..." ಎಂದು ಕಾರ್ಖಾನೆಯಂತೆಯೇ ಕೂಗಿದಳು. ಕೂಸು ಹೊಯ್ದಿತು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಅತ್ತೆ ಮಾತ್ರ ಮಾತು ಬದಲಿಸಲಿಲ್ಲ, ಅಷ್ಟು ಹೇಳಬೇಕು.

ಮಾರನೆಯ ದಿನ ನನ್ನ ಮಗ ಜರಿ ಟೊಪ್ಪಿಗೆ ಹಾಕಿಕೊಂಡು ಅತ್ತೆಯ ತೊಡೆ ಏರಿದ. ನಾನು ಒಳಗೆ ಹೋಳಿಗೆ ತಟ್ಟುತ್ತಿದ್ದೆ. ಶಾಂತಿಗೂ ಗಂಟೆ ಇರುತ್ತದೆ ಎಂದು ಆ ಒಲೆಯ ಮುಂದೆ ನನಗೆ ಹೊಳೆಯಲೇ ಇಲ್ಲ. ಪುರೋಹಿತರು ಮಂಗಳಾರತಿ ಎತ್ತಿ ಗಂಟೆ ಹೊಡೆದದ್ದು ಕೇಳಿತು. ಹಿಟ್ಟಿನ ಕೈಯಲ್ಲೇ ಓಡಿದೆ.

ಅಷ್ಟರಲ್ಲಿ ಆಗಿಹೋಗಿತ್ತು. ರೇಷ್ಮೆ ಸೀರೆಯಿಂದ ಮಣೆಗೆ, ಮಣೆಯಿಂದ ರಂಗೋಲಿಗೆ.

"ಅಯ್ಯೋ, ತಗೊಳ್ಳೇ ಇವನ್ನ!" ಎಂದು ಅತ್ತೆ ಕಿರುಚಿದರು.

"ಗಂಟೆಗೆ ಕಲಿಸಿದ್ರಾ ಅಕ್ಕಾ?" ಎಂದು ವಾರಗಿತ್ತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಗಂಟೆ ಯಾರು ಬೇಕಾದ್ರೂ ಹೊಡೀತಾರಲ್ಲ!"

ನಾನು ಮಗನನ್ನು ಎತ್ತಿಕೊಂಡೆ. ಅವಳ ಕೂಗು ಅವಳ ಬಾಯಲ್ಲೇ ಇತ್ತು, ಬೇಕೆಂದಾಗ ಮಾತ್ರ ಹೊರಬರುತ್ತಿತ್ತು. ನನ್ನದು ಪುರೋಹಿತರ ಕೈಯಲ್ಲಿತ್ತು.

ಫೋಟೋದವನು ಕಾಯುತ್ತಿದ್ದ. ಬದಲಿಸಲು ಬೇರೆ ರೇಷ್ಮೆ ಇಲ್ಲ. ಅತ್ತೆ ಒದ್ದೆ ಸೀರೆಯಲ್ಲೇ ಕೂತು ಅವಳ ಮಗನನ್ನು ತೊಡೆಗೆ ಹಾಕಿಕೊಂಡರು.

ಆ ಫೋಟೋ ಈಗ ನಮ್ಮ ಮನೆಯ ಗೋಡೆಯ ಮೇಲಿದೆ. ಬಂದವರು "ತೊಡೆ ಮೇಲಿರೋದು ನಿಮ್ಮ ಮಗನಾ ಅಜ್ಜಿ?" ಎಂದು ಕೇಳುತ್ತಾರೆ. ಕೂಸಿನ ಕಾಲ ಕೆಳಗೆ ಸೀರೆ ಕಪ್ಪಾಗಿರುವ ಜಾಗಕ್ಕೆ ಬೆರಳಿಟ್ಟು ತೋರಿಸುತ್ತೇನೆ.

"ಅದಲ್ಲ. ಇದು ನನ್ನ ಮಗಂದು."