ಮೂರನೇ ಕಿಟಕಿಯ ‘ಎಷ್ಟು ವರ್ಷದ ಅಕ್ಕ’

ಬೆಳಗಿನ ಆರೂವರೆ. ಆಸ್ಪತ್ರೆಯ ಔಷಧಿ ವಿಭಾಗದ ಶಟರ್ ಇನ್ನೂ ಅರ್ಧಕ್ಕೇ ನಿಂತಿದೆ. ಅದರಡಿ ತಲೆ ತಗ್ಗಿಸಿ ಒಳಹೊಕ್ಕ ಅಕ್ಕ ಮೊದಲು ಮೂರನೇ ಕಿಟಕಿಯ ಗಾಜು ಒರೆಸುತ್ತಾರೆ, ಆಮೇಲೆ ಮಾತ್ರೆಯ ಡಬ್ಬಗಳನ್ನು ಕೈಗೆಟಕುವಂತೆ ಜೋಡಿಸುತ್ತಾರೆ. ಸಕ್ಕರೆ ಕಾಯಿಲೆಯವು ಎಡಕ್ಕೆ, ಬಿಪಿಯವು ಬಲಕ್ಕೆ, ಹೊಟ್ಟೆಯುರಿಯವು ಎದುರಿಗೆ. ಹೊರಗೆ ಬೆಂಚಿನ ಮೇಲೆ ಆಗಲೇ ಹನ್ನೊಂದು ಜನ ಕೂತಿದ್ದಾರೆ.

ಮೊದಲ ಸರದಿ ಒಬ್ಬ ಬಡಗಿಯದು. ಅವರು ಚೀಟಿ ತೂರಿಸಿದ ಕೂಡಲೇ ಒಳಗಿಂದ ಪ್ರಶ್ನೆ ಬರುತ್ತದೆ.

“ಸಕ್ಕರೆ ಮಾತ್ರೆ ಎಷ್ಟು ವರ್ಷದಿಂದ ತಗೊಳ್ತಿದ್ದೀರಿ?”

“ಆರೇಳು ವರ್ಷ ಆಯ್ತೇನೋ.”

“ಕಾಲು ಜೋಮು ಹಿಡಿಯುತ್ತಾ?”

“ಹತ್ತಿ ಮೆಟ್ಟಿಕೊಂಡು ನಡೆದ ಹಾಗೆ ಇರುತ್ತೆ ಅಕ್ಕ. ವಯಸ್ಸಾಯ್ತಲ್ಲ ಅಂತ ಸುಮ್ಮನಾದೆ.”

“ಎಲ್ಲಾನೂ ವಯಸ್ಸಿನ ತಲೆಗೇ ಕಟ್ಟಬೇಡಿ, ಪಾಪ ಅದು.”

ಬಡಗಿ ನಗುತ್ತಾರೆ. ಮಾತ್ರೆಯ ಜೊತೆ ಅಂಗೈಯಗಲದ ಹಳದಿ ಚೀಟಿಯೊಂದು ಅವರ ಕೈ ಸೇರುತ್ತದೆ. ಅದನ್ನು ಹಿಡಿದು ಏಳನೇ ಕೋಣೆಯ ಡಾಕ್ಟರ ಬಳಿ ಹೋಗಬೇಕು.

ಕೆಲವು ಮಾತ್ರೆಗಳು ಒಂದು ಕಾಯಿಲೆಯನ್ನು ಹಿಡಿತದಲ್ಲಿಡುತ್ತಲೇ ದೇಹದಲ್ಲಿ ಇನ್ನೇನನ್ನೋ ಸದ್ದಿಲ್ಲದೆ ಕಡಿಮೆ ಮಾಡುತ್ತವೆ. ಸಕ್ಕರೆ ಕಾಯಿಲೆಗೆ ಬಹಳ ಜನ ನುಂಗುವ ಒಂದು ಮಾತ್ರೆ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ, ನರಗಳಿಗೆ ಬೇಕಾದ ಬಿ-12 ಜೀವಸತ್ವ ಕೆಲವರ ಮೈಗೆ ಹತ್ತುವುದಿಲ್ಲ. ಹೊಟ್ಟೆಯುರಿಯ ಮಾತ್ರೆಯೂ ಜೊತೆಗಿದ್ದರೆ ಕೊರತೆ ಇನ್ನಷ್ಟು ಹೆಚ್ಚಬಹುದು. ಕಾಲು ಮರಗಟ್ಟುತ್ತದೆ, ನೆನಪು ಕೈಕೊಡುತ್ತದೆ. ಇಪ್ಪತ್ತಮೂರು ವರ್ಷಗಳಿಂದ ಮಾತ್ರೆ ಕೊಡುತ್ತಿರುವ ಅಕ್ಕನಿಗೆ ಇದು ತಟ್ಟಿದ್ದು ಮನೆಯಲ್ಲೇ.

ಒಂಬತ್ತು ವರ್ಷದ ಹಿಂದೆ ಅವರ ಅತ್ತೆ ಗೋಡೆ ಹಿಡಿದು ನಡೆಯತೊಡಗಿದ್ದರು. ಮೊಮ್ಮಗಳ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಮನೆಮಂದಿಯೆಲ್ಲ ಮುಪ್ಪು ಎಂದು ಕೈಚೆಲ್ಲಿದರು. ಅಕ್ಕ ಅತ್ತೆಯನ್ನು ಕರೆತಂದಾಗ, ಏಳನೇ ಕೋಣೆಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಮಾತ್ರ ರಕ್ತ ಪರೀಕ್ಷೆ ಮಾಡಿಸಿದರು. ಬಿ-12 ತಳ ಕಂಡಿತ್ತು. “ಹನ್ನೊಂದು ವರ್ಷ ಆ ಮಾತ್ರೆನ ತಿಂಗಳು ತಿಂಗಳು ನಾನೇ ಮನೆಗೆ ತಗೊಂಡು ಹೋಗಿದ್ದೆ. ಒಂದು ಸಲ ಕೂಡ ಕೇಳಬೇಕು ಅನ್ನಿಸಲಿಲ್ಲ ನೋಡಿ” ಎನ್ನುವಾಗ ಅಕ್ಕನ ಕೈ ಡಬ್ಬದ ಮೇಲೇ ನಿಲ್ಲುತ್ತದೆ.

ಇಂಜೆಕ್ಷನ್ ಶುರುವಾಗಿ ಕೆಲವು ತಿಂಗಳಲ್ಲಿ ಅತ್ತೆ ಗೋಡೆ ಬಿಟ್ಟರು. ಎಡಗಾಲಿನ ಎರಡು ಬೆರಳು ಈಗಲೂ ಜೋಮು. ಎಂಬತ್ತೊಂದರ ಆ ಹಿರಿಯಾಕೆ ನಕ್ಕು ಹೇಳುತ್ತಾರೆ: “ಸೊಸೆ ನನ್ನ ಕಾಲು ವಾಪಸ್ ತಂದುಕೊಟ್ಟಳು. ನನ್ನ ಬಾಯಿಗೆ ಮಾತ್ರ ಯಾವತ್ತೂ ಯಾವ ಕೊರತೆನೂ ಇರಲಿಲ್ಲ ಬಿಡಿ!”

ಅಂದಿನಿಂದ ಅಕ್ಕ ಕಿಟಕಿಗೆ ಬಂದವರನ್ನು ‘ಎಷ್ಟು ವರ್ಷದಿಂದ?’ ಎಂದು ಕೇಳತೊಡಗಿದರು. ಬಸ್ ಚಾಲಕರೊಬ್ಬರು ಬ್ರೇಕ್ ಮೇಲೆ ಕಾಲಿಟ್ಟದ್ದೇ ಗೊತ್ತಾಗುವುದಿಲ್ಲ, ಕೆಲಸ ಬಿಡುತ್ತೇನೆ ಎಂದಾಗ ತಾವೇ ಜೊತೆಗೆ ನಡೆದು ಡಾಕ್ಟರಮ್ಮನ ಮುಂದೆ ಕೂರಿಸಿದರು. ರಜೆ ಹಾಕಿ ಚಿಕಿತ್ಸೆ ಪಡೆದ ಅವರು ಐದು ತಿಂಗಳಿಗೆ ಮತ್ತೆ ಸ್ಟಿಯರಿಂಗ್ ಹಿಡಿದರು. ಜನ ಅಕ್ಕನಿಗೆ ‘ಎಷ್ಟು ವರ್ಷದ ಅಕ್ಕ’ ಎಂದು ಹೆಸರಿಟ್ಟರು.

ಎಲ್ಲವೂ ಹೂವೆತ್ತಿದಷ್ಟು ಸಲೀಸಾಗಲಿಲ್ಲ. ಒಮ್ಮೆ ಸರದಿ ಉದ್ದವಿದ್ದ ದಿನ, ಒಬ್ಬ ನಿವೃತ್ತ ಟೀಚರಿಗೆ ಅಕ್ಕ ಅವಸರದಲ್ಲಿ “ಈ ಮಾತ್ರೆ ಬಿ-12 ಕಡಿಮೆ ಮಾಡುತ್ತೆ” ಎಂದಷ್ಟೇ ಹೇಳಿ ಕಳಿಸಿದರು. ಟೀಚರ್ ಹೆದರಿ ಮಾತ್ರೆಗಳನ್ನೆಲ್ಲ ಕಸಕ್ಕೆ ಸುರಿದರು. ಮೂರು ವಾರಕ್ಕೆ ಸಕ್ಕರೆ ಮಿತಿಮೀರಿ, ನಿಲ್ಲಲೂ ಆಗದೆ ವಾರ್ಡು ಸೇರಿದರು. ದೂರು ಬಂತು. ವಿಭಾಗದ ಮುಖ್ಯಸ್ಥರು ಅಕ್ಕನನ್ನು ಕಿಟಕಿಯಿಂದ ಎಬ್ಬಿಸಿ ದಾಸ್ತಾನು ಕೋಣೆಗೆ ಕಳಿಸಿದರು.

“ಬೈಯಲಿ ಅಂತಲೇ ವಾರ್ಡಿಗೆ ಹೋದೆ. ತಪ್ಪು ನಂದೇ ಅಲ್ವಾ” ಎನ್ನುತ್ತಾರೆ ಅಕ್ಕ. ಟೀಚರ್ ಬೈದರು, ತಮ್ಮದೇ ಧಾಟಿಯಲ್ಲಿ: “ಅರ್ಧ ಪಾಠ ಮಾಡಿ ಬೆಲ್ ಹೊಡೆದುಬಿಟ್ರೆ ಮಕ್ಕಳು ತಪ್ಪೇ ಬರೀತಾರಮ್ಮ. ಪೂರ್ತಿ ಹೇಳೋಕೆ ಪುರುಸೊತ್ತಿಲ್ಲ ಅಂದ್ರೆ ಬರೆದು ಕೊಡು.” ಆಮೇಲೆ ಮಂಚದ ಮೇಲೆ ಕೂತೇ ಪೆನ್ನು ಕೇಳಿದರು.

ಹಳದಿ ಚೀಟಿ ಹುಟ್ಟಿದ್ದು ಹೀಗೆ. ಒಕ್ಕಣೆ ಟೀಚರದು, ತಿದ್ದಿದ್ದು ಡಾಕ್ಟರಮ್ಮ. ಮೊದಲ ಸಾಲು ದಪ್ಪಕ್ಷರದಲ್ಲಿದೆ: ‘ಮಾತ್ರೆ ನಿಲ್ಲಿಸಬೇಡಿ.’ ಎರಡನೆಯದು: ‘ಬಿ-12 ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ.’ ಮೂರನೆಯದು: ‘ನೀವಾಗಿಯೇ ಯಾವ ಮಾತ್ರೆಯನ್ನೂ ಕೊಳ್ಳಬೇಡಿ.’ ನಾಲ್ಕು ತಿಂಗಳ ನಂತರ ಡಾಕ್ಟರಮ್ಮ ಆ ಚೀಟಿಯನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟು, ಅವರನ್ನು ಒಪ್ಪಿಸಿ, ಅಕ್ಕನನ್ನು ಕಿಟಕಿಗೆ ಮರಳಿ ಕೂರಿಸಿದರು.

ಈಗ ದಿನಕ್ಕೆ ಇನ್ನೂರೈವತ್ತು ಜನ ಈ ಕಿಟಕಿಗೆ ಬರುತ್ತಾರೆ. ಐದಾರು ಹಳದಿ ಚೀಟಿ ಹೊರಡುತ್ತವೆ. ಎಲ್ಲರಲ್ಲೂ ಕೊರತೆ ಇರುವುದಿಲ್ಲ. “ಏನೂ ಇಲ್ವಂತೆ, ಸುಮ್ಮನೆ ಸೂಜಿ ಚುಚ್ಚಿಸಿದ್ರಿ” ಎಂದು ಜಗಳಕ್ಕೆ ಬರುವವರೂ ಉಂಟು. ಅಕ್ಕ ಅವರನ್ನೂ ನಗುತ್ತಲೇ ಕಳಿಸುತ್ತಾರೆ: “ಇಲ್ಲ ಅಂತ ಗೊತ್ತಾಯ್ತಲ್ಲ, ರಾತ್ರಿ ಚೆನ್ನಾಗಿ ನಿದ್ದೆ ಮಾಡಿ.”

ಟೀಚರ್ ತಿಂಗಳಿಗೊಮ್ಮೆ ಬರುತ್ತಾರೆ, ಚೀಟಿಯ ಹೊಸ ಕಟ್ಟನ್ನು ಕೈಗೆತ್ತಿಕೊಂಡು ಅಕ್ಷರ ತಪ್ಪಿದೆಯೇ ಎಂದು ನೋಡಿಯೇ ಹೋಗುತ್ತಾರೆ.

ಅಕ್ಕನ ನಿವೃತ್ತಿಗೆ ಇನ್ನು ಎರಡು ವರ್ಷ. ಅವರಿಗೂ ಸಕ್ಕರೆ ಶುರುವಾಗಿದೆ. ಬೀಳ್ಕೊಡುಗೆಗೆ ಏನು ಬೇಕು ಎಂದು ಕೇಳಿದರೆ ಸ್ವಲ್ಪ ಯೋಚಿಸಿ ಹೇಳುತ್ತಾರೆ: “ಹಾರ ಗೀರ ಏನೂ ಬೇಡ. ಮಾರನೇ ತಿಂಗಳು ನಾನೂ ಈ ಸರದಿಯಲ್ಲಿ ಬಂದು ನಿಂತ್ಕೊಳ್ತೀನಲ್ಲ, ಆಗ ಒಳಗೆ ಕೂತಿರೋರು ನನ್ನ ಮುಖ ನೋಡಿ ಒಂದು ಪ್ರಶ್ನೆ ಕೇಳಲಿ. ಎಲ್ಲಾ ಗೊತ್ತಿರೋಳು ಅಂತ ಬಿಟ್ಟುಬಿಡಬಾರದು.”