ನಲವತ್ತೊಂದನೆಯ ಹೆಣ್ಣಿನ ತಪ್ಪು

ಉಮಾಪತಿಗೆ ಹಸಿರು ಬಡ್ಜಿಗಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಕಡೆ ಲವ್ ಬರ್ಡ್ಸ್ ಎಂದು ಜೋಡಿಯಾಗಿ ಪಂಜರದಲ್ಲಿಟ್ಟು ಮಾರುತ್ತಾರಲ್ಲ, ಆ ಪುಟ್ಟ ಗಿಣಿಯೇ ಬಡ್ಜಿ. ಅದರ ತವರು ಆಸ್ಟ್ರೇಲಿಯಾ. ಆ ದೇಶದ ಪಶ್ಚಿಮದಲ್ಲಿ, ಉಮಾಪತಿ ಎಂಜಿನಿಯರಾಗಿದ್ದ ಪಿಲ್ಬರಾದ ಕಬ್ಬಿಣದ ಗಣಿಯ ಹತ್ತಿರ, ನೀರು ನಿಂತ ಕಡೆಯಲ್ಲೆಲ್ಲ, ಸಾವಿರಾರು ಹಸಿರು ಬಡ್ಜಿಗಳು ಒಟ್ಟಿಗೇ ಎದ್ದು, ಒಟ್ಟಿಗೇ ಹೊರಳಿ, ಒಟ್ಟಿಗೇ ಇಳಿಯುತ್ತಿದ್ದವು. ಜೊತೆಯವರು ತಿಂಡಿ ಬಿಟ್ಟು ಎದ್ದು ವಿಡಿಯೊ ಮಾಡುತ್ತಿದ್ದರೆ ಇವನು ಅತ್ತ ಬೆನ್ನು ಹಾಕಿ ಕೂರುತ್ತಿದ್ದ. “ಕಾಡು ಮಾಲು. ಯಾರು ಯಾರಿಗೆ ಹುಟ್ಟಿದ್ದು ಅಂತ ಯಾವನಿಗೂ ಗೊತ್ತಿಲ್ಲ” ಎಂಬುದು ಅವನ ತೀರ್ಪು. ಆ ಹಕ್ಕಿಗಳು ಅವನ ತೀರ್ಪಿಗೆ ಸೊಪ್ಪು ಹಾಕಿದಂತೆ ಕಾಣಲಿಲ್ಲ.

ಅವನ ಹಕ್ಕಿಗಳಿದ್ದದ್ದು ಪರ್ತ್‌ನ ಮನೆಯ ಹಿಂದಿನ ಶೆಡ್ಡಿನಲ್ಲಿ. ಎರಡು ವಾರ ಗಣಿ, ಒಂದು ವಾರ ಮನೆ, ಇದು ಅವನ ಬದುಕಿನ ಲಯ. ಆ ಎರಡು ವಾರ ಕಾಳು ಹಾಕುವುದು, ನೀರು ಬದಲಿಸುವುದು, ಹಿಕ್ಕೆ ಬಳಿಯುವುದು, ಗೂಡಿನ ಪೆಟ್ಟಿಗೆಯಲ್ಲಿ ತತ್ತಿ ಒಡೆದಿದೆಯೇ ಎಂದು ಇಣುಕುವುದು ಎಲ್ಲವೂ ಹೆಂಡತಿ ರಂಜನಿಯ ಪಾಲು. ಚೈಲ್ಡ್‌ಕೇರ್‌ನಲ್ಲಿ ಹಗಲೆಲ್ಲ ಬೇರೆಯವರ ಮಕ್ಕಳ ಮೂಗು ಒರೆಸಿ ಬಂದು ಅವಳು ಶೆಡ್ಡಿಗೆ ಹೋಗುತ್ತಿದ್ದಳು. ಉಮಾಪತಿಯ ಪಾಲಿಗೆ ಉಳಿದದ್ದು ಯೋಚನೆ. ಯಾವ ಗಂಡಿಗೆ ಯಾವ ಹೆಣ್ಣು ಎಂದು ಅವನು ಕಾರ್ಡುಗಳನ್ನು ಹರಡಿಕೊಂಡು ಯೋಚಿಸುತ್ತಿದ್ದ. ಮನೆಗೆ ಬಂದವರು ಯಾರಾದರೂ ‘ಲವ್ ಬರ್ಡ್ಸ್ ಚೆನ್ನಾಗಿವೆ’ ಅಂದರೆ ಅವನ ಮುಖ ಹರಳೆಣ್ಣೆ ಕುಡಿದಂತಾಗುತ್ತಿತ್ತು.

ಅವನಿಗೆ ಬೇಕಾಗಿದ್ದದ್ದು ನೇರಳೆ. ಅಂತಿಂಥ ನೇರಳೆಯಲ್ಲ, ಎದೆಯಿಂದ ಬಾಲದ ಬುಡದವರೆಗೆ ಎಲ್ಲೂ ಮಸುಕಾಗದ ನೇರಳೆ. ಅದಕ್ಕೆ ಜೋಡಿ ಕೂಡಿಸುವ ಹದವಿದೆ. ಎರಡೂ ಗಾಢ ಬಣ್ಣದವಾದರೆ ಕೆಲವು ಮರಿಗಳು ಬೂದಿ ಮೆತ್ತಿದಂತೆ ಮಂಕಾಗುತ್ತವೆ. ಗಾಢ ಗಂಡಿಗೆ ತಿಳಿನೀಲಿ ಹೆಣ್ಣನ್ನು ಕೊಡಬೇಕು. ಒಂದರ ಗರಿ ಒರಟಾದರೆ ಇನ್ನೊಂದರದು ನಯವಾಗಿರಬೇಕು. ಇಷ್ಟರ ಮಟ್ಟಿಗೆ ಅವನಿಗೆ ವಿದ್ಯೆ ಇತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಹದಿನಾರು ವರ್ಷ ಹೀಗೆ ಕೂಡಿಸಿ ಕೂಡಿಸಿ ಅವನು ಒಂದು ಗಂಡನ್ನು ಪಡೆದಿದ್ದ. ಹೆಸರು ಸಾಮ್ರಾಟ್. ಮಗಳಿಗೆ ಹೆಸರು ಹುಡುಕಲು ಅವನು ತೆಗೆದುಕೊಂಡದ್ದು ಅರ್ಧ ಗಂಟೆ, ಈ ಹಕ್ಕಿಗೆ ಒಂದು ತಿಂಗಳು.

ಈ ವಂಶದ ಮೂಲಪುರುಷ ಸಿಕ್ಕಿದ್ದು ಅಡಿಲೇಡ್‌ನಲ್ಲಿ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಅಲ್ಲಿನ ಸ್ಯಾಲಿಸ್‌ಬರಿ ಬಡಾವಣೆಯಲ್ಲಿ ಬಾಡಿಗೆಗಿದ್ದರು. ಪಕ್ಕದ ಮನೆಯ ಟೆರಿ, ಕಾರ್ಖಾನೆಯಿಂದ ನಿವೃತ್ತನಾದ ಮುದುಕ, ಹರಿದ ಬನಿಯನ್ನಿನಲ್ಲೇ ಬೀದಿಗೆ ಬರುವ ಆಸಾಮಿ. ಅವನು ಬೇಲಿಯ ಮೇಲಿಂದ ಒಂದು ನೇರಳೆ ಗಂಡನ್ನು ಪುಕ್ಕಟೆ ಕೊಟ್ಟು, ಹಕ್ಕಿ ಸಾಕುವವನು ಪ್ರತಿಯೊಂದಕ್ಕೂ ಕಾರ್ಡು ಬರೆದಿಡಬೇಕು ಎಂದು ಹೇಳಿಕೊಟ್ಟ. ಇದರ ತಾಯಿ ಕೆಂಪು ಕಣ್ಣಿನ ಬಿಳಿ ಹಕ್ಕಿ, ಅದನ್ನು ಮರೆಯದೆ ಬರೆದುಕೋ ಅಂದ. ರಂಜನಿ ಪಕ್ಕದಲ್ಲೇ ಬಟ್ಟೆ ಒಣಹಾಕುತ್ತಿದ್ದಳು. ಒಳಗೆ ಬಂದ ಉಮಾಪತಿ ಮೊದಲ ಕಾರ್ಡಿನಲ್ಲಿ ‘ತಾಯಿ: ನೀಲಿ’ ಎಂದು ಬರೆದ.

“ಬಿಳಿ ಅಂದ್ರಲ್ಲ ಅವ್ರು?” ಅಂದಳು ರಂಜನಿ.

“ಆ ಕುಡುಕನಿಗೇನು ಗೊತ್ತು. ಮೊದಲನೇ ಸಾಲಲ್ಲೇ ಕಲೆ ಹಚ್ಕೊಂಡು ಶುರು ಮಾಡಕ್ಕಾಗುತ್ತಾ?”

ಹೊಸ ಹೆಂಡತಿ ಖಾಲಿ ಬುಟ್ಟಿ ಎತ್ತಿಟ್ಟು ಅಡಿಗೆಮನೆಗೆ ಹೋದಳು. ಎರಡು ವರ್ಷದ ಮೇಲೆ ಅವರು ಪರ್ತ್‌ಗೆ ಬಂದರು. ಹಕ್ಕಿಗಳು ವಿಮಾನದಲ್ಲಿ ಬಂದವು. ರಂಜನಿ ಎಂಟು ತಿಂಗಳ ಕೂಸನ್ನು ಕಟ್ಟಿಕೊಂಡು ಮೂರು ದಿನ ಕಾರಿನಲ್ಲಿ ಬಂದಳು.

ಈಗ ಆ ಬಿಳಿಯ ಕಥೆ. ಈ ಕೆಂಪು ಕಣ್ಣಿನ ಬಿಳುಪು ಗಂಡಿನ ಮೈಯಲ್ಲಿ ಹೊರಗೆ ಕಾಣದೆ ಅಡಗಿರಬಲ್ಲದು. ಗಂಡು ನೋಡಲು ಅಪ್ಪಟ ನೇರಳೆ, ಒಳಗೆ ಬಿಳಿ. ಅದು ಬಯಲಾಗುವುದು ಅವನ ಹೆಣ್ಣುಮರಿಗಳಲ್ಲಿ. ಹೆಣ್ಣಿಗೆ ಮಾತ್ರ ಅಡಗಿಸುವ ಸೌಲಭ್ಯವಿಲ್ಲ. ಬಿಳುಪು ಇದ್ದರೆ ಅವಳು ಬಿಳಿಯೇ, ನೀಲಿಯಾಗಿ ಕಂಡರೆ ನೀಲಿಯೇ. ಇದನ್ನು ಉಮಾಪತಿಗಿಂತ ಚೆನ್ನಾಗಿ ವಿವರಿಸುವವರು ಯಾರೂ ಇರಲಿಲ್ಲ. ಹೋದ ಬೇಸಿಗೆಯಲ್ಲಿ ಅವನ ಹಿತ್ತಲಲ್ಲಿ ಬಾರ್ಬಿ, ಅಂದರೆ ಬಯಲಲ್ಲಿ ಸುಟ್ಟು ತಿನ್ನುವ ಊಟ, ಇದ್ದಾಗ ಈರಣ್ಣ ತನ್ನ ಫೋನಿನಲ್ಲಿ ಒಂದು ಬಿಳಿ ಮರಿಯ ಫೋಟೊ ತೋರಿಸಿದ. ಈರಣ್ಣ ಅದೇ ಗಣಿಯ ಭೂವಿಜ್ಞಾನಿ, ಪಾಪದ ಮನುಷ್ಯ, ಉಮಾಪತಿಯನ್ನು ನೋಡಿಯೇ ಹಕ್ಕಿ ಸಾಕಲು ಹೊರಟವನು.

“ಈ ಹೆಣ್ಣು ತೊಂದ್ರೆ ಕೊಡ್ತಿದೆ ಅನ್ಸುತ್ತೆ ಸಾರ್. ಬದಲಾಯಿಸ್ಲಾ?”

“ಹೆಣ್ಣೇನ್ ಮಾಡ್ತು, ಈರಣ್ಣ?” ಉಮಾಪತಿ ಇಕ್ಕಳದಲ್ಲಿ ಮೆಕ್ಕೆಜೋಳದ ತೆನೆ ತಿರುವುತ್ತ ಮೂಗು ಮುರಿದ. “ಇಂಥ ಬಣ್ಣಾನ ಹೆಣ್ಣು ಬಚ್ಚಿಡಕ್ಕಾಗಲ್ಲ. ಬಚ್ಚಿಟ್ಕೊಂಡು ಓಡಾಡೋದು ಗಂಡು. ನಿಮ್ಮ ಗಂಡನ್ನ ಮೊದ್ಲು ಮನೆಯಿಂದಾಚೆ ಹಾಕಿ. ಕಲ್ಲು ನೋಡೋ ಕಣ್ಣಲ್ಲಿ ಹಕ್ಕಿ ನೋಡಿದ್ರೆ ಹೀಗೇ ಆಗೋದು.”

ಸುತ್ತ ಕೂತವರು ನಕ್ಕರು. ಈರಣ್ಣನೂ ನಗಬೇಕಾಯಿತು. ಸಲಾಡ್ ಬಟ್ಟಲು ಹಿಡಿದು ನಿಂತಿದ್ದ ರಂಜನಿ ಮಾತ್ರ ನಗಲಿಲ್ಲ. ಅವನ ಶೆಡ್ಡಿನಲ್ಲೂ ಬಿಳಿ ಮರಿಗಳು ಹುಟ್ಟುತ್ತಿದ್ದವು, ವರ್ಷಕ್ಕೆ ಒಂದೋ ಎರಡು ವರ್ಷಕ್ಕೆ ಒಂದೋ. ಹುಟ್ಟಿದಾಗಲೆಲ್ಲ ಅವನು ಹೇಳಿದ್ದು ಒಂದೇ ಮಾತು: ಈ ಹೆಣ್ಣು ಸರಿಯಿಲ್ಲ. ತಾಯಿಹಕ್ಕಿಯನ್ನು ಯಾರಿಗಾದರೂ ದಾಟಿಸಿ ಹೊಸದನ್ನು ತರುತ್ತಿದ್ದ. ಮರಿಯ ಕಾರ್ಡಿನಲ್ಲಿ ‘ಸತ್ತಿತು’ ಎಂದು ಬರೆಯುತ್ತಿದ್ದ. ಸತ್ತಿರುತ್ತಿರಲಿಲ್ಲ. ಮರಿ ವಾರದ್ದಾದಾಗ ಕಾಲಿಗೆ ಸಾಕಿದವನ ಗುರುತಿನ ಸಂಖ್ಯೆಯ ಅಲ್ಯೂಮಿನಿಯಂ ರಿಂಗ್ ತೊಡಿಸುತ್ತಾರೆ. ಬಿಳಿ ಮರಿ ದೊಡ್ಡದಾದ ಮೇಲೆ ಆ ರಿಂಗನ್ನು ಕತ್ತರಿಸಿ, ಹೆಸರಿಲ್ಲದ ಹಕ್ಕಿಯನ್ನಾಗಿ ಮಾಡಿ, ಅಕ್ಕಪಕ್ಕದ ಮಕ್ಕಳಿಗೆ ಕೊಟ್ಟುಬಿಡುವುದು ಪದ್ಧತಿ. ಕತ್ತರಿಸುವ ಕೆಲಸ ರಂಜನಿಯದು, ಕೈ ನಡುಗದವಳು ಎಂದು. ಕತ್ತರಿಸಿದ ರಿಂಗುಗಳನ್ನು ಅವಳು ಏಲಕ್ಕಿಯ ಹಳೇ ಡಬ್ಬಿಯೊಂದರಲ್ಲಿ ಹಾಕಿಡುತ್ತಿದ್ದಳು. ಏಕೆಂದು ಅವಳಿಗೂ ಮೊದಮೊದಲು ಗೊತ್ತಿರಲಿಲ್ಲ. ಬಿಸಾಡಲು ಮನಸ್ಸು ಬರಲಿಲ್ಲ, ಅಷ್ಟೆ.

ಈ ಸಲ ಬಿಳಿ ಮರಿ ಹುಟ್ಟಿದ್ದು ಸಾಮ್ರಾಟನಿಗೇ. ತಾಯಿ ನಲವತ್ತೊಂದನೆಯ ಸಂಖ್ಯೆಯ ತಿಳಿನೀಲಿ ಹೆಣ್ಣು. ಶೆಡ್ಡಿನ ಅಷ್ಟೂ ಹಕ್ಕಿಗಳಲ್ಲಿ ರಂಜನಿ ಬಾಗಿಲು ತೆಗೆದರೆ ಹೆದರಿ ಹಾರದೆ ಹತ್ತಿರ ಬರುತ್ತಿದ್ದದ್ದು ಅದೊಂದೇ. ಬೇರೆ ತಾಯಂದಿರು ಕಡೆಗಣಿಸಿದ ಮರಿಗಳಿಗೂ ಗುಟುಕು ಕೊಟ್ಟು ಬದುಕಿಸಿದ ಹಕ್ಕಿ. ರಂಜನಿಗೆ ಅದರ ಮೇಲೆ ಪ್ರಾಣ.

“ನಾನು ಈ ಎರಡು ವಾರದ ಸ್ವಿಂಗ್ ಮುಗಿಸಿ ಬರೋಷ್ಟರಲ್ಲಿ ನಲವತ್ತೊಂದು ಇಲ್ಲಿರಬಾರದು” ಎಂದು ಹೇಳಿ ಉಮಾಪತಿ ಗಣಿಗೆ ಹೊರಟ. ಅವನಿಗೆ ಅವಸರವಿತ್ತು. ಮುಂದಿನ ತಿಂಗಳು ಬ್ರಿಸ್ಬೇನ್‌ನಲ್ಲಿ ದೊಡ್ಡ ಪ್ರದರ್ಶನ. ಸಾಮ್ರಾಟ್ ಅಲ್ಲಿ ಸ್ಪರ್ಧೆಗೆ ನಿಲ್ಲಬೇಕು. ಪ್ರದರ್ಶನದ ಮಾರನೆಯ ದಿನ ಅದೇ ಊರಿನ ರನ್‌ಕಾರ್ನ್ ಬಡಾವಣೆಯ ಹಾಲ್ ಒಂದರಲ್ಲಿ ಪರ್ತ್, ಅಡಿಲೇಡ್, ಬ್ರಿಸ್ಬೇನ್ ಮೂರೂ ಊರಿನ ಕನ್ನಡದ ಹಕ್ಕಿಪ್ರಿಯರು ಸೇರುತ್ತಾರೆ, ಅಲ್ಲಿ ಜೋಡಿ ಆರಿಸುವುದರ ಬಗ್ಗೆ ಇವನ ಭಾಷಣ. ತನ್ನದು ಕಲೆಯಿಲ್ಲದ ವಂಶವೆಂದು ಎಲ್ಲರ ಎದುರು ಸಾರಲು ಅವನು ಹದಿನಾರು ವರ್ಷ ಕಾದಿದ್ದ.

ಭಾನುವಾರ ಮಧ್ಯಾಹ್ನ ರಂಜನಿ ಡಬ್ಬಿಯನ್ನು ಊಟದ ಮೇಜಿನ ಮೇಲೆ ಸುರಿದು, ಕಾರ್ಡುಗಳ ಪೆಟ್ಟಿಗೆಯನ್ನು ತಂದಿಟ್ಟುಕೊಂಡಳು. ಹನ್ನೊಂದು ರಿಂಗು. ಹನ್ನೊಂದು ‘ಸತ್ತಿತು’. ತಾಯಂದಿರು ಒಬ್ಬೊಬ್ಬರೂ ಬೇರೆ ಬೇರೆ ಕಡೆಯಿಂದ ಬಂದವರು, ಒಬ್ಬರಿಗೊಬ್ಬರು ಸಂಬಂಧವಿಲ್ಲ. ತಂದೆಯರು ಮಾತ್ರ ಮಗ, ಮೊಮ್ಮಗ, ಮರಿಮಗ ಎಂದು ಹಿಂದಕ್ಕೆ ಹೋಗುತ್ತ ಒಂದೇ ಕಾರ್ಡಿಗೆ ಬಂದು ನಿಂತರು. ‘ತಾಯಿ: ನೀಲಿ.’ ಹತ್ತನೆಯ ತರಗತಿಯ ಮಗಳು ಪ್ರೇರಣಾ ಟೋಸ್ಟ್ ಕಚ್ಚುತ್ತ ಬಂದು ಎರಡು ನಿಮಿಷ ನೋಡಿದಳು.

“ಮಮ್, ದಿಸ್ ಈಸ್ ಇಯರ್ ಟೆನ್ ಬಯಾಲಜಿ. ಇಟ್ಸ್ ದ ಡ್ಯಾಡ್ಸ್.”

ರಂಜನಿಗೆ ಅಳು ಬರುವ ಬದಲು ಅಸಹ್ಯವಾಯಿತು. ಅವನಿಗೆ ತಿಳಿಯದೆ ಆದದ್ದಾಗಿದ್ದರೆ ಕ್ಷಮಿಸಬಹುದಿತ್ತು. ಬಾರ್ಬಿ ಒಲೆಯ ಮುಂದೆ ನಿಂತು ಊರಿಗೆಲ್ಲ ಹೇಳುವ ನಿಯಮ ತನ್ನ ಶೆಡ್ಡಿನ ಬಾಗಿಲ ಹತ್ತಿರ ಅವನಿಗೆ ಮರೆತು ಹೋಗುತ್ತಿತ್ತು. ಪ್ರೇರಣಾಗೆ ಲೆಕ್ಕದಲ್ಲಿ ಅಂಕ ಕಮ್ಮಿಯಾದರೆ ‘ನಿನ್ನ ತವರಿನ ತಲೆ’, ಈಜಿನಲ್ಲಿ ಪದಕ ಬಂದರೆ ‘ನನ್ನ ಮೈಕಟ್ಟು’. ಇಷ್ಟು ಅಗ್ಗದ ಮನುಷ್ಯನಿಗೆ ಇಷ್ಟು ವರ್ಷ ಹೆದರಿದೆನಲ್ಲ ಎಂದು ಅವಳಿಗೆ ತನ್ನ ಮೇಲೂ ಸಿಟ್ಟು ಬಂತು.

ಸಂಜೆ ಗಣಿಯ ಕ್ಯಾಂಪಿನಿಂದ ಅವನ ಫೋನ್ ಬಂತು. “ನಲವತ್ತೊಂದನ್ನ ಕೊಟ್ಯಾ?”

“ಇಲ್ಲ. ಕೊಡಲ್ಲ. ಕಾರ್ಡು ನೋಡ್ದೆ. ಅದರ ತಪ್ಪಿಲ್ಲ, ನಿಮ್ಮ ಸಾಮ್ರಾಟಂದು. ಟೆರಿ ಹೇಳಿದ್ದನ್ನ ನೀವು ಬರೀಲಿಲ್ಲ.”

ಆ ಕಡೆ ಅವನು ನಕ್ಕ. “ನೀನು ಕಾಳು ಹಾಕು ರಂಜನಿ, ಸಾಕು. ತಲೆ ಓಡ್ಸೋ ಕೆಲಸ ನನಗಿರಲಿ.”

ಫೋನಿಟ್ಟು ಅವಳು ಶೆಡ್ಡಿಗೆ ಹೋದಳು. ಸಾಮ್ರಾಟನನ್ನು ಎಡಗೈಯಲ್ಲಿ ಮೆಲ್ಲಗೆ ಹಿಡಿದಳು. ಬಲಗೈಯಲ್ಲಿ ಅದೇ ಚಿಕ್ಕ ಕಟರ್. ರಿಂಗು ಕತ್ತರಿಸಿದಳು. ಹಕ್ಕಿಗೆ ನೋವಾಗಲಿಲ್ಲ, ಅದು ತನ್ನ ಕೊಂಬೆಗೆ ಹೋಗಿ ಕೂತು ಗರಿ ಕೊಡವಿಕೊಂಡಿತು. ಡಬ್ಬಿಯಲ್ಲಿ ಹನ್ನೆರಡು ರಿಂಗಾದವು.

ಮನೆಗೆ ಬಂದ ಉಮಾಪತಿ ಬ್ಯಾಗನ್ನೂ ಇಳಿಸದೆ ಶೆಡ್ಡಿಗೆ ಹೋಗಿ, ಹೋದಷ್ಟೇ ಬೇಗ ಅಡಿಗೆಮನೆಗೆ ಬಂದ. ರಿಂಗಿಲ್ಲದ ಹಕ್ಕಿಯನ್ನು ಸಾಕಿದವನ ಹೆಸರಿನಲ್ಲಿ ಸ್ಪರ್ಧೆಗೆ ಸೇರಿಸಿಕೊಳ್ಳುವುದಿಲ್ಲ. ರಂಜನಿ ಡಬ್ಬಿ ತೆಗೆದು ಅವನ ಮುಂದಿಟ್ಟಳು.

“ಹೆಣ್ಣು ಬಚ್ಚಿಡಕ್ಕಾಗಲ್ಲ ಅಂತಿದ್ರಲ್ಲ. ಹದಿನಾಲ್ಕು ವರ್ಷ ಇದು ನಿಮ್ಮ ಕಾಫಿಪುಡಿ ಪಕ್ಕದಲ್ಲೇ ಇತ್ತು.”

ಅವನು ಕೂಗಾಡಿದ, ಬಾಗಿಲು ಬಡಿದ, ಎರಡು ದಿನ ಊಟ ಬಿಟ್ಟ, ಮೂರನೆಯ ದಿನ ಎರಡರಷ್ಟು ತಿಂದ. ಅವಳು ಕೇಳಿದ್ದು ಒಂದೇ: ಬ್ರಿಸ್ಬೇನ್‌ನಲ್ಲಿ ನಿಂತು ಇದ್ದದ್ದನ್ನು ಇದ್ದಂತೆ ಹೇಳಿ, ನಲವತ್ತೊಂದು ಇಲ್ಲೇ ಇರಲಿ. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹಕ್ಕಿಯಿಲ್ಲದೆ, ಹೊಸ ಬ್ಲೇಜರ್ ತೊಟ್ಟು ಬ್ರಿಸ್ಬೇನ್ ವಿಮಾನ ಹತ್ತಿದ. ಹೇಳುತ್ತಾನೇನೋ ಎಂದು ರಂಜನಿಗೆ ಒಂದು ಎಳೆ ಆಸೆ ಇತ್ತು.

ಭಾಷಣದ ದಿನ ಮಧ್ಯಾಹ್ನ ರನ್‌ಕಾರ್ನ್‌ನಿಂದ ರಂಜನಿಯ ಗೆಳತಿ ಅನುವಿನ ಮೆಸೇಜು ಬಂತು. ಉಮಾಪತಿ ಉಳಿದುಕೊಂಡಿದ್ದದ್ದು ಅವಳ ಮನೆಯಲ್ಲೇ. ಈಗ ಅವಳು ಹಾಲ್‌ನಲ್ಲಿ ಕೂತಿದ್ದಳು. ‘ಸಾಮ್ರಾಟ್ ಯಾಕೆ ಬರಲಿಲ್ಲ ಅಂತ ಯಾರೋ ಕೇಳಿದ್ರು. ನಿಮ್ಮ ಕೈತಪ್ಪಿನಿಂದ ರಿಂಗ್ ಹೋಯ್ತಂತೆ? ಅಯ್ಯೋ ಪಾಪ ಅಂದ್ರು ಎಲ್ಲರೂ. ಹೆಂಗಸರ ಕೈಗೆ ಕೊಟ್ರೆ ಹೀಗೇ ಅಂತ ನಗಿಸಿದ್ರು. ಹದಿನಾರು ವರ್ಷದಲ್ಲಿ ಒಂದೂ ಬಿಳಿ ಮರಿ ಬಂದಿಲ್ವಂತೆ, ಗ್ರೇಟ್.’

ರಂಜನಿ ಎರಡು ಸಲ ಓದಿದಳು. ಮತ್ತೆ ಹೆಣ್ಣಿನ ತಲೆಗೇ ಕಟ್ಟಿದ್ದ. ಇನ್ನು ಇವನಿಂದ ಏನನ್ನೂ ಬಯಸಬೇಕಾಗಿಲ್ಲ ಎನ್ನುವುದು ಅವಳಿಗೆ ನಿರಾಳವೆನಿಸಿತು. ಅವಳು ಮೊದಲ ಕಾರ್ಡು ತೆಗೆದು, ‘ನೀಲಿ’ ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಬಿಳಿ’ ಎಂದು ಬರೆದಳು. ಅದರ ಕೆಳಗೆ ಹನ್ನೊಂದು ‘ಸತ್ತಿತು’ ಕಾರ್ಡುಗಳನ್ನು ಸಾಲಾಗಿ ಜೋಡಿಸಿ, ಒಂದೊಂದರ ಮೇಲೂ ಅದರದರ ರಿಂಗು ಇಟ್ಟು, ಕೊನೆಯಲ್ಲಿ ಸಾಮ್ರಾಟನ ಕಾರ್ಡನ್ನೂ ರಿಂಗನ್ನೂ ಇಟ್ಟು ಫೋಟೊ ತೆಗೆದಳು. ಮೂರೂ ಊರಿನ ಹಕ್ಕಿಪ್ರಿಯರ ವಾಟ್ಸಾಪ್ ಗುಂಪಿಗೆ ಹಾಕಿ ಒಂದು ಸಾಲು ಬರೆದಳು: ‘ಈ ಹನ್ನೊಂದೂ ಬಿಳಿ ಮರಿಗಳು, ಯಾವುದೂ ಸತ್ತಿರಲಿಲ್ಲ. ರಿಂಗು ಕತ್ತರಿಸಿದ್ದು ಎಲ್ಲವನ್ನೂ ನಾನೇ, ಬೇಕೆಂದೇ.’

ಆಮೇಲೆ ಶೆಡ್ಡಿಗೆ ಹೋಗಿ ನಲವತ್ತೊಂದರ ಬಾಗಿಲು ತೆರೆದಳು. ಹಕ್ಕಿ ಹೆಬ್ಬೆರಳಿನ ಮೇಲೆ ಬಂದು ಕೂತಿತು. ಜೇಬಿನಲ್ಲಿ ಫೋನ್ ಸದ್ದು ಮಾಡಿತು. ಅನು.

‘ಅಕ್ಕಾ, ಹಿಂದಿನ ಸಾಲಿನವರೆಲ್ಲ ಫೋನ್ ನೋಡ್ತಿದ್ದಾರೆ. ಈರಣ್ಣ ಎದ್ದು ನಿಂತಿದ್ದಾರೆ, ಏನೋ ಕೇಳ್ಬೇಕಂತೆ. ಇವ್ರು ಇನ್ನೂ ಮಾತಾಡ್ತಾನೇ ಇದ್ದಾರೆ.’